ಮೇಲಕ್ಕೆ ತೆರೆಯುವ ಬಾಗಿಲು

ಅಧ್ಯಕ್ಷೆಯಮ್ಮ ನನ್ನನ್ನು ‘ತಂಗಿ’ ಅಂತ ಕರೆದ ದಿನವೇ ನನಗೆ ಗುಮಾನಿ ಬಂತು.

ಹನ್ನೊಂದು ವರ್ಷದಿಂದ ನಾನು ಮಹಿಳಾ ಮಂಡಳಿಯ ಕಟ್ಟಡ ಗುಡಿಸುತ್ತಿದ್ದೆ. ಅಷ್ಟೂ ವರ್ಷ ಆ ಬಾಯಿಗೆ ನಾನು ‘ಏಯ್’ ಆಗಿದ್ದೆ, ‘ಇವಳೇ’ ಆಗಿದ್ದೆ. ಕೋಪ ಬಂದ ದಿನ ನನ್ನ ಬೀದಿಯ ಹೆಸರೇ ನನ್ನ ಹೆಸರು. ತಂಗಿ ಮಾತ್ರ ಆಗಿರಲಿಲ್ಲ. ಅವತ್ತು ಗುಡಿಸಿ ಮುಗಿಸಿ ಪೊರಕೆಯನ್ನು ಮೂಲೆಗೆ ಇಡುವ ಹೊತ್ತಿಗೆ ಅವರು ಒಂದು ಕುರ್ಚಿ ಎಳೆದರು.

“ಕೂತ್ಕೋ ತಂಗಿ. ಎಷ್ಟು ಹೊತ್ತು ಅಂತ ನಿಂತಿರ್ತೀಯ?”

ನಾನು ಕುರ್ಚಿ ನೋಡಿದೆ. ನಾಲ್ಕು ಕಾಲೂ ನೆಟ್ಟಗಿದ್ದವು. ಆದರೂ ಕೂರಲಿಲ್ಲ. ಬೆಕ್ಕು ಕರೆದು ಮಣೆ ಹಾಕಿದರೆ ಇಲಿ ಮೊದಲು ಬಿಲ ಎಷ್ಟು ದೂರ ಅಂತ ನೋಡಿಕೊಳ್ಳಬೇಕು.

“ಪರವಾಗಿಲ್ಲಮ್ಮ. ನಿಂತೇ ಅಭ್ಯಾಸ.”

“ನಮ್ಮ ಮಂಡಳಿಗೆ ಬಹಳ ದೊಡ್ಡವರು ಬರ್ತಿದಾರೆ” ಅಂದರು. ಊರೂರು ತಿರುಗಿ ಶೌಚಾಲಯದ ಬಗ್ಗೆ ಭಾಷಣ ಮಾಡುವ ಮೇಡಂ ಅಂತೆ. ಪೇಪರಿನಲ್ಲಿ ಫೋಟೊ ಬರುವವರು. ಮಂಡಳಿಯ ಹೆಂಗಸರೇ ಸೇರಿ ಕಟ್ಟಿದ ಶೌಚಾಲಯವನ್ನು ಉದ್ಘಾಟಿಸಿ ಫಲಕ ಕೊಟ್ಟು ಹೋಗುತ್ತಾರಂತೆ.

ಹೆಂಗಸರೇ ಕಟ್ಟಿದ್ದು ನಿಜ. ಮರಳು ಹೊತ್ತವಳು ನಾನು. ಇಟ್ಟಿಗೆ ಹೊತ್ತವಳು ನಾನು. ಸಿಮೆಂಟು ಕಲಸಿ ಕಲಸಿ ಬೆರಳ ಸಂದು ಬಿರಿದು, ಅನ್ನ ಕಲಸಿದರೆ ಉರಿಯುತ್ತಿತ್ತು. ಉಳಿದ ಹೆಂಗಸರು ಟೈಲ್ಸಿನ ಬಣ್ಣ ಆರಿಸಿದರು. ಗುಲಾಬಿಯೋ ನೀಲಿಯೋ ಅಂತ ಎರಡು ಮೀಟಿಂಗು ಆಯಿತು. ಆ ಮೀಟಿಂಗಿನಲ್ಲಿ ನಾನು ಇರಲಿಲ್ಲ. ನಾನು ಸದಸ್ಯೆಯಲ್ಲ. ಮೀಟಿಂಗು ನಡೆಯುವಾಗ ಜಗಲಿಯ ಮೇಲೆ ಕೂತು, ಚಹಾದ ಲೋಟ ಹೊರಗೆ ಬಂದಾಗ ತೊಳೆಯುವವಳು.

“ಅವತ್ತು ನೀನೂ ನಮ್ಮ ಜೊತೆ ಇರಬೇಕು. ಹೊಸ ಬಟ್ಟೆ ಕೊಡ್ತೀವಿ” ಅಂದರು ಅಧ್ಯಕ್ಷೆಯಮ್ಮ. ಮಾತು ಬೆಣ್ಣೆಯಿಂದ ಕೂದಲು ತೆಗೆದಂತಿತ್ತು. ಕೂದಲು ಎಲ್ಲಿದೆ ಅಂತ ಹುಡುಕುತ್ತಾ ನಾನು ಕಟ್ಟಡದ ಹಿಂದಕ್ಕೆ ಹೋದೆ.

ಶೌಚಾಲಯ ಹೊಳೆಯುತ್ತಿತ್ತು. ಗುಲಾಬಿ ಟೈಲ್ಸು, ಕನ್ನಡಿ, ತಿರುಗಿಸಿದರೆ ಬಿಸಿಲಿಗೆ ಮಿಂಚುವ ನಲ್ಲಿ. ಆದರೆ ಮೂರು ಮೆಟ್ಟಿಲು ಹತ್ತಬೇಕು. ಮರಳು ಹೊರುವಾಗಲೇ ಅಂದುಕೊಂಡಿದ್ದೆ, ಇದಕ್ಕೇಕೆ ಮೆಟ್ಟಿಲು? ಅಷ್ಟು ಅವಸರದಲ್ಲಿ ಓಡಿ ಬರುವವರು ಮೆಟ್ಟಿಲು ಹತ್ತಬೇಕೆ? ಹಿಂಬದಿಗೆ ಬಂದೆ. ನೆಲಕ್ಕೆ ತಾಗಿದಂತೆ ಗೋಡೆಯಲ್ಲಿ ಒಂದು ಮೊಳದಗಲದ ಕಿಂಡಿ. ಅದಕ್ಕೊಂದು ತಗಡಿನ ಬಾಗಿಲು. ಮೊನ್ನೆವರೆಗೆ ಅದಿರಲಿಲ್ಲ.

ಗಾರೆಯಣ್ಣ ಅಲ್ಲೇ ಕರಣೆ ತೊಳೆಯುತ್ತಿದ್ದ.

“ಇದ್ಯಾಕಣ್ಣ?”

“ಗಾಳಿಗೆ.”

“ಗಾಳಿ ತೆವಳ್ಕೊಂಡು ಬರುತ್ತಾ?”

ಅವನು ಮುಖ ಎತ್ತಲಿಲ್ಲ. ತೊಳೆದ ಕರಣೆಯನ್ನೇ ಇನ್ನೊಮ್ಮೆ ತೊಳೆದ.

“ಗುಂಡಿ ಎಲ್ಲಿ ತೋಡಿದ್ರಿ? ನಾನು ಮಣ್ಣು ಹೊತ್ತೇ ಇಲ್ಲವಲ್ಲ.”

ಅವನು ಆಚೀಚೆ ನೋಡಿದ. “ನನ್ನ ಹೆಸರು ಹೇಳ್ಬೇಡ, ತಾಯಿ. ಅರ್ಧ ಅಡಿಗೇ ಬಂಡೆ. ಒಡೆಯೋಕೆ ತಿಂಗಳು ಬೇಕು. ನಾನು ಮೊದಲೇ ಬಡ್ಕೊಂಡೆ, ಗುಂಡಿ ಮೊದಲು, ಗೋಡೆ ಆಮೇಲೆ ಅಂತ. ಗುಂಡಿ ಫೋಟೊದಲ್ಲಿ ಬೀಳಲ್ಲ, ಗೋಡೆ ಬೀಳುತ್ತೆ ಅಂದ್ರು.”

“ಹಾಗಾದ್ರೆ ಕೆಳಗೆ?”

“ಕೆಳಗೆ ಏನೂ ಇಲ್ಲ” ಅಂದು ಅವನು ಸಾಮಾನು ಎತ್ತಿಕೊಂಡು ಹೊರಟ.

ಸಂಜೆ ಅತ್ತೆಗೆ ಹೇಳಿದೆ. ಅತ್ತೆಗೆ ಕಣ್ಣು ಮಂಜಾಗಿದೆ. ಬೆರಳು ಮಂಜಾಗಿಲ್ಲ. ಕಾಳು ಆರಿಸುತ್ತಿದ್ದಳು.

“ಎಷ್ಟಗಲ?”

“ಒಂದು ಮೊಳ.”

“ತಗಡಾ ಮರಾನಾ?”

“ತಗಡು.”

“ಪಕ್ಕಕ್ಕೆ ತೆರೆಯುತ್ತಾ, ಮೇಲಕ್ಕಾ?”

ನೆನಪು ಮಾಡಿಕೊಂಡೆ. ಬಿಜಾಗರಿ ಮೇಲಿದ್ದವು. “ಮೇಲಕ್ಕೆ.”

ಅತ್ತೆಯ ಬೆರಳು ನಿಂತವು. ಮೊರ ಪಕ್ಕಕ್ಕಿಟ್ಟು, ತಲೆಯ ಮೇಲಿನ ಬಟ್ಟೆ ಸರಿಸಿ, ನೆತ್ತಿಯ ಮುಂದೆ ಅಡ್ಡಕ್ಕಿದ್ದ ಬೋಳು ಪಟ್ಟಿಯನ್ನು ಮುಟ್ಟಿಕೊಂಡಳು. ಅಲ್ಲಿ ಕೂದಲು ಹುಟ್ಟುವುದಿಲ್ಲ. ಮಲದ ಬುಟ್ಟಿ ಹೊತ್ತು ಹೀಗಾಗಿದೆ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.

“ಬುಟ್ಟಿಗಲ್ಲ ಕಣೆ” ಅಂದಳು. “ತಗಡಿಗೆ. ಒಳಗಿನ ಬಕೆಟ್ ತುಂಬಿರುತ್ತೆ. ಎಳೆಯೋಕೆ ಎರಡೂ ಕೈ ಬೇಕು. ಆಗ ಬಾಗಿಲು ಹಿಡಿಯೋಕೆ ಕೈ ಎಲ್ಲಿಂದ ತರ್ತೀಯ? ತಲೆ ಕೊಡಬೇಕು. ಬಾಗಿಲನ್ನ ತಲೇಲಿ ಎತ್ತಿ ಹಿಡಿದು ಬಕೆಟ್ ಎಳೀಬೇಕು. ಒಂದೊಂದು ಸಲ ನಾನು ಎಳೀತಿದ್ದಾಗಲೇ ಮೇಲೆ ಬಂದು ಕೂತುಬಿಡೋರು.”

ನನ್ನ ಕೈ ನನ್ನದೇ ನೆತ್ತಿಗೆ ಹೋಯಿತು.

“ಮನುಷ್ಯರು ಮನುಷ್ಯರಿಗೆ ಇಟ್ಟ ಬಾಗಿಲು ಪಕ್ಕಕ್ಕೆ ತೆರೆಯುತ್ತೆ. ಇದು ಬಕೆಟ್ ಬಾಗಿಲು. ನಿನ್ನನ್ನ ತಂಗಿ ಅಂದ್ರಲ್ಲ, ಇದಕ್ಕೇ.”

ನಾನು ಮದುವೆಯಾಗಿ ಬಂದ ವರ್ಷ ಅತ್ತೆ ಆ ಕೆಲಸ ಬಿಟ್ಟಳು. ನಮ್ಮ ಬೀದಿಯಲ್ಲಿ ಆ ಬುಟ್ಟಿ ಅತ್ತೆಯಿಂದ ಸೊಸೆಗೆ ಬರುತ್ತಿತ್ತು. ಅವಳ ಅತ್ತೆ ಅವಳಿಗೆ ಕೊಟ್ಟಿದ್ದಳು. ನಾನು ಹೊಸಿಲು ದಾಟಿದ ಮರುದಿನ ಅತ್ತೆ ಬುಟ್ಟಿಯನ್ನು ಒಲೆಗೆ ಹಾಕಿದಳು. ಮೇಲಿನ ಬೀದಿಯವರು ಬಂದು ಬೈದರು, ಕೆಲಸ ಕೊಡಬೇಡಿ ಅಂತ ಸುತ್ತಲೂ ಹೇಳಿದರು. ಎರಡು ತಿಂಗಳು ಗಂಜಿಗೂ ತತ್ವಾರ. ಬೇರೆ ಅತ್ತೆಯರು ಸೊಸೆಗೆ ಬೀಗದ ಕೈ ಕೊಡುತ್ತಾರೆ. ನನ್ನತ್ತೆ ಹಾರೆ ಕೊಟ್ಟಳು. ಮನೆಗೆ ಆಗ ಸೂರಿರಲಿಲ್ಲ, ತಾಡಪಾಲು ಕಟ್ಟಿಕೊಂಡು ಮಲಗುತ್ತಿದ್ದೆವು. “ಮೊದಲು ಗುಂಡಿ, ಆಮೇಲೆ ಸೂರು” ಅಂದಳು. ನಾವಿಬ್ಬರೂ ಸೇರಿ ಎಂಟಡಿ ತೋಡಿದೆವು. ನಮ್ಮ ಬೀದಿಯಲ್ಲಿ ಆಮೇಲೆ ಎಲ್ಲರೂ ತೋಡಿಕೊಂಡರು. ಬೇರೆಯವರದನ್ನು ಹೊತ್ತವರಿಗೆ ಗುಂಡಿಯ ಬೆಲೆ ಗೊತ್ತು.

ಕಾರ್ಯಕ್ರಮಕ್ಕೆ ಎರಡು ದಿನ ಇದ್ದಾಗ ಅಧ್ಯಕ್ಷೆಯಮ್ಮ ಬಾಯಿ ಬಿಟ್ಟರು. ಜೊತೆಗೆ ಕಾರ್ಯದರ್ಶಿ ಟೀಚರಮ್ಮ. ಮಂಡಳಿಯ ಹೊಲಿಗೆ ಕೋಣೆಯಲ್ಲಿ ನಿಂತಿದ್ದೆವು. ಅಲ್ಲಿ ಮೂರು ಮಿಷಿನ್ ಇವೆ. ಎರಡರ ಮೇಲೆ ಸದಸ್ಯರ ಹೆಣ್ಣುಮಕ್ಕಳು ಕಲಿಯುತ್ತಾರೆ. ಮೂರನೆಯದಕ್ಕೆ ಬಟ್ಟೆ ಹೊದಿಸಿಟ್ಟಿದ್ದಾರೆ.

“ನಿನ್ನ ಮಗಳಿಗೆ ಹೊಲಿಗೆ ಅಂದ್ರೆ ಆಸೆ ಅಲ್ವಾ?” ಅಂದರು ಟೀಚರಮ್ಮ. “ಕಿಟಕೀಲಿ ನಿಂತು ನೋಡೋದು ನೋಡಿದೀನಿ.”

ನಾನು ಗುಡಿಸುವಾಗ ಮಗಳು ಕಿಟಕಿಯ ಹೊರಗೆ ನಿಂತು ನೋಡುತ್ತಾಳೆ. ಹದಿನಾರು ವರ್ಷ. ನೋಡಿ ನೋಡಿಯೇ ಹಳೇ ಪೇಪರು ಕತ್ತರಿಸಿ ಅಳತೆ ಮಾಡುತ್ತಾಳೆ. ನನಗೊಂದು ರವಿಕೆ ಕೈಯಲ್ಲೇ ಹೊಲಿದಿದ್ದಾಳೆ. ತೋಳು ಇನ್ನೊಬ್ಬರದು ತೊಟ್ಟಂತೆ ಇಲ್ಲ, ನನ್ನದೇ ತೋಳಿಗೆ ಕೂತಿದೆ.

“ಮೂರನೇ ಮಿಷಿನ್ ಅವಳಿಗೆ” ಅಂದರು ಅಧ್ಯಕ್ಷೆಯಮ್ಮ. “ಒಳಗೆ ಬಂದು ಕಲೀಲಿ. ನಿನ್ನ ಹೆಸರನ್ನೂ ಮಂಡಳಿಗೆ ಸೇರಿಸ್ತೀವಿ. ಆದರೆ ನೀನು ಒಂದು ಉಪಕಾರ ಮಾಡ್ಬೇಕು.”

“ಹಿಂದಿನ ಬಾಗಿಲಿನದಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ಅವರ ಮುಖ. ಆದರೆ ಅಧ್ಯಕ್ಷೆಯಮ್ಮ ಬೇಗ ಸುಧಾರಿಸಿಕೊಂಡರು.

“ಒಂದೇ ದಿನ ಕಣೆ. ಮೇಡಂ ದೂರದಿಂದ ಬರ್ತಾರೆ, ಒಂದು ಸಲ ಒಳಗೆ ಹೋಗಬಹುದು. ಹೋಗದೇನೂ ಇರಬಹುದು. ನೀನು ಹಿಂದೆ ಬಕೆಟ್ ಇಟ್ಕೊಂಡಿರು, ಅಷ್ಟೇ. ಆಮೇಲೆ ಬಂಡೆ ಒಡೆಸ್ತೀವಿ. ನಿಮ್ಮ ಅತ್ತೆ ಕಾಲದಲ್ಲಿ ಮಾಡ್ತಿರಲಿಲ್ವಾ?”

“ಅತ್ತೆ ಬಿಟ್ಟು ಇಪ್ಪತ್ತು ವರ್ಷ ಆಯ್ತಮ್ಮ.”

“ಅದಕ್ಕೇ ಒಂದೇ ದಿನ ಅಂದದ್ದು” ಅಂದರು ಟೀಚರಮ್ಮ, ಲೆಕ್ಕ ಬಗೆಹರಿದಂತೆ. ಹೊಸ ಬಿಳಿ ಬಕೆಟ್ ಒಂದನ್ನು ನನ್ನ ಕಾಲ ಬಳಿ ಇಟ್ಟರು. ಕೈಗೆ ಕೊಡಲಿಲ್ಲ. ನನ್ನ ಕೈಗೆ ಅವರು ಏನನ್ನೂ ಕೊಡುವುದಿಲ್ಲ.

ಅಲ್ಲೇ ಆಗಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಹೊದಿಸಿಟ್ಟ ಮಿಷಿನನ್ನು ನೋಡಿದೆ. “ನೋಡೋಣಮ್ಮ” ಅಂದೆ. ಬಕೆಟ್ ಎತ್ತಿಕೊಂಡು ಮನೆಗೆ ಬಂದೆ. ಇದನ್ನು ಮುಚ್ಚಿಡುವುದಿಲ್ಲ. ಎತ್ತಿಕೊಂಡು ಬಂದೆ.

ಅತ್ತೆ ಬಕೆಟನ್ನು ಮುಟ್ಟಿ ನೋಡಿದಳು. ಬೈಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಮಗಳು ಎಲ್ಲ ಕೇಳಿಸಿಕೊಂಡಳು. ಮಿಷಿನ್ ಅಂದಾಗ ಅವಳ ಕಣ್ಣು ಅರಳಿತು. ಬಕೆಟ್ ಅಂದಾಗ ಮುದುಡಿತು. “ಅಮ್ಮ, ನೀನು ಹಿಡೀಬೇಡ” ಅಂದಳು. “ನಾನು ಹಿಡೀತೀನಿ. ಮಿಷಿನ್ ನನಗೆ ತಾನೆ ಕೊಡೋದು? ಒಂದೇ ದಿನ ತಾನೆ?”

ಅಷ್ಟು ಸಲೀಸಾಗಿ ಅಂದಳು. ನೀರು ತರ್ತೀನಿ ಅಂದ ಹಾಗೆ.

ಹೊಡೆಯಲು ಕೈ ಎತ್ತಿದೆ. ಹೊಡೆಯಲಿಲ್ಲ. ಅವಳ ತಲೆ ಮೇಲೆ ಕೈ ಇಟ್ಟೆ. ದಟ್ಟ ಕೂದಲು. ನೆತ್ತಿಯಿಂದ ಹಣೆಯವರೆಗೆ ಎಲ್ಲೂ ಬೋಳಿಲ್ಲ. ಅಲ್ಲಿಗೆ ನನ್ನ ಲೆಕ್ಕಾಚಾರ ಮುಗಿಯಿತು. ಅತ್ತೆ ನನ್ನ ತಲೆ ಉಳಿಸಿದ್ದಳು. ಅದರ ಋಣವನ್ನು ನಾನು ಮಗಳ ತಲೆಯಲ್ಲಿ ತೀರಿಸಲಾರೆ.

ಕಾರ್ಯಕ್ರಮದ ದಿನ ಮಂಡಳಿಯ ಮುಂದೆ ಚಪ್ಪರ, ಮೈಕು, ಕುರ್ಚಿ. ನಾನು ಬಕೆಟ್ ಹಿಡಿದು ಹಿಂಬದಿಗೆ ಹೋಗಿ ನಿಂತೆ. ಟೀಚರಮ್ಮ ಇಣುಕಿ ನೋಡಿ ತಲೆಯಾಡಿಸಿದರು. ಅವರಿಗೆ ಸಮಾಧಾನವಾಯಿತು.

ಕಾರು ಬಂತು. ಮೇಡಂ ಇಳಿದರು. ಐವತ್ತರ ಆಸುಪಾಸು, ಸಾದಾ ಬಟ್ಟೆ, ಊದಿದ ಕಾಲು. ನಾಲ್ಕು ತಾಸಿನ ದಾರಿ. ಹೂಗುಚ್ಛ ತೆಗೆದುಕೊಂಡವರೇ ಅಧ್ಯಕ್ಷೆಯಮ್ಮನ ಕಿವಿಯಲ್ಲಿ ಏನೋ ಕೇಳಿದರು. ಅಧ್ಯಕ್ಷೆಯಮ್ಮನ ಮುಖ ದೀಪದಂತಾಯಿತು.

“ಬನ್ನಿ ಮೇಡಂ, ನೀವೇ ಮೊದಲು! ಇದೇ ಉದ್ಘಾಟನೆ!”

ಎಲ್ಲರೂ ನಕ್ಕರು. ಫೋಟೊದವನು ಮುಂದೆ ಓಡಿದ. ನಾನು ಹಿಂಬದಿಯಿಂದ ಸುತ್ತಿ ಬಂದು ಮೂರನೇ ಮೆಟ್ಟಿಲ ಮೇಲೆ ನಿಂತೆ. ಬಾಗಿಲಿಗೆ ಬೆನ್ನು ಕೊಟ್ಟು.

“ಒಳಗೆ ಹೋಗ್ಬೇಡಿ ಅಮ್ಮ. ಕೆಳಗೆ ಗುಂಡಿಯಿಲ್ಲ.”

“ಅವಳಿಗೆ ಸ್ವಲ್ಪ ತಲೆ ಸರಿಯಿಲ್ಲ ಮೇಡಂ” ಅಂದರು ಅಧ್ಯಕ್ಷೆಯಮ್ಮ.

“ತಲೆ ಸರಿಯಾಗೇ ಇದೆ. ಅದನ್ನ ಉಳಿಸ್ಕೊಳ್ಳೋಕೇ ಹೇಳ್ತಿದೀನಿ. ಹಿಂದೆ ತಗಡಿನ ಬಾಗಿಲಿದೆ, ನೋಡಿ. ನೀವು ಮೇಲೆ ಕೂತ್ರೆ ಕೆಳಗೆ ನಾನು ಬಕೆಟ್ ಹಿಡೀಬೇಕು ಅಂತ ಏರ್ಪಾಡು.”

ಮೇಡಂ ಬಕೆಟ್ ನೋಡಿದರು. ನನ್ನನ್ನು ನೋಡಿದರು. ಕಾಲು ಬದಲಿಸಿ ನಿಂತರು. ದೊಡ್ಡವರಾದರೂ ಹೊಟ್ಟೆ ಎಲ್ಲರಿಗೂ ಒಂದೇ ಅಲ್ಲವೇ.

“ಮತ್ತೆ ಬೇರೆ ಎಲ್ಲಿ...?” ಅಂದರು ಮೆಲ್ಲಗೆ.

“ನಮ್ಮನೇಲಿ. ಇನ್ನೂರು ಹೆಜ್ಜೆ. ಎಂಟಡಿ ಗುಂಡಿ. ನಾನೇ ತೋಡಿದ್ದು.”

ಅವರು ಬಂದರು. ನಾನು ಮುಂದೆ, ಅವರು ಹಿಂದೆ, ಅವರ ಹಿಂದೆ ಇಡೀ ಮಂಡಳಿ. ಮೋರಿಯ ಕಲ್ಲುಹಾಸು ಬಂದಾಗ ಮಂಡಳಿ ಗಕ್ಕನೆ ನಿಂತಿತು. ಆಚೆಗೆ ನಮ್ಮ ಬೀದಿ. ಹನ್ನೊಂದು ವರ್ಷದಲ್ಲಿ ಅವರಲ್ಲಿ ಒಬ್ಬರೂ ಆ ಕಲ್ಲು ದಾಟಿಲ್ಲ. ಮೇಡಂ ದಾಟಿದರು. ಅವಸರ ಇತ್ತು, ನಿಜ. ಆದರೂ ದಾಟಿದರು.

ಹೊರಬಂದ ಮೇಲೆ ಮಗಳು ನೀರು ಕೊಟ್ಟಳು. ಮೇಡಂ ಅತ್ತೆಯ ಪಕ್ಕ ಚಾಪೆಯ ಮೇಲೆ ಕೂತರು. ಅತ್ತೆಯ ಕೈ ಹಿಡಿದು, “ಎಷ್ಟು ವರ್ಷ ಮಾಡಿದ್ರಿ ಅಜ್ಜಿ?” ಅಂದರು. ಅತ್ತೆ ಅವರ ಕೈಯನ್ನೇ ಎತ್ತಿ ತನ್ನ ನೆತ್ತಿಯ ಬೋಳಿನ ಮೇಲೆ ಇಟ್ಟಳು. ಮೇಡಂ ಕಣ್ಣಲ್ಲಿ ನೀರು ಬಂತು. ನಾನು ನೋಡಿದೆ. ಸುಳ್ಳು ನೀರಲ್ಲ.

ಅವರು ಎದ್ದು ಹೋದ ಮೇಲೆ ಅತ್ತೆ, “ಹೊಳೆ ದಾಟೋವರೆಗೆ ಅಂಬಿಗ ಬೇಕು. ದಾಟಿದ ಮೇಲೆ ನೋಡು” ಅಂದಳು.

“ಸುಮ್ನಿರು ಅತ್ತೆ. ಅತ್ತರಲ್ಲ ಪಾಪ.”

“ಅತ್ತವರನ್ನೂ ಬಹಳ ನೋಡಿದೀನಿ ಬಿಡೆ.”

ನಾನು ಬಕೆಟ್ ಹಿಡಿದು ಚಪ್ಪರಕ್ಕೆ ಹೋಗಿ ಕಂಬದ ಪಕ್ಕ ನಿಂತೆ. ಅವತ್ತು ಮೊದಲ ಸಲ ಒಬ್ಬ ದೊಡ್ಡವರನ್ನು ನಂಬಬೇಕು ಅನ್ನಿಸಿತ್ತು. ಮೇಡಂ ಮೈಕಿನ ಮುಂದೆ ನಿಂತು ಕಾಗದ ಬಿಚ್ಚಿದರು. ಓದಿದರು.

“ಈ ಊರಿನ ಹೆಂಗಸರು ತಾವೇ ಗುಂಡಿ ತೋಡಿ, ತಾವೇ ಇಟ್ಟಿಗೆ ಹೊತ್ತು, ಇಂಥ ಮಾದರಿ ಶೌಚಾಲಯ ಕಟ್ಟಿದ್ದಾರೆ...”

ನಡುವೆ ತಲೆ ಎತ್ತಿದರು. ನಾನು ಅವರ ಕಣ್ಣಿಗೆ ಸಿಕ್ಕಿದೆ. ಒಂದು ಗಳಿಗೆ ನಿಲ್ಲಿಸಿದರು. ಈಗ ಕಾಗದ ಮಡಚುತ್ತಾರೆ ಅಂದುಕೊಂಡೆ. ಹಾಳೆ ತಿರುಗಿಸಿದರು. ಚಪ್ಪಾಳೆ ಬಿತ್ತು. ಅಧ್ಯಕ್ಷೆಯಮ್ಮನ ಕೈಗೆ ಫಲಕ ಬಂತು.

ಇಲ್ಲಿಗೆ ಮುಗಿಯುತ್ತಿತ್ತೋ ಏನೋ. ಆದರೆ ಟೀಚರಮ್ಮ ಅಚ್ಚಾದದ್ದನ್ನು ಬಿಡದೆ ಓದುವವರು. ಕಾರ್ಯಕ್ರಮ ಪಟ್ಟಿಯ ಕೊನೆಯ ಸಾಲನ್ನೂ ಓದಿಬಿಟ್ಟರು. “ಈಗ ನಮ್ಮ ಸ್ವಚ್ಛತೆಯ ಸೋದರಿಗೆ ಹೊಸ ಬಟ್ಟೆಯ ಗೌರವ.” ಓದಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ನಾನು ವೇದಿಕೆ ಹತ್ತಿದೆ. ಬಕೆಟ್ ಸಮೇತ ಹತ್ತಿದೆ. ಬಟ್ಟೆ ಹಿಡಿದು ನಿಂತ ಅಧ್ಯಕ್ಷೆಯಮ್ಮನನ್ನು ದಾಟಿ ಮೈಕಿನ ಹತ್ತಿರ ಹೋದೆ. ಮೈಕಿನ ಮುಂದೆ ನಾನು ಎಂದೂ ನಿಂತಿರಲಿಲ್ಲ. ಅದರ ಕೆಳಗಿನ ನೆಲ ಗುಡಿಸಿದ್ದೆ, ಅಷ್ಟೆ.

“ಅಮ್ಮ, ನೀವೀಗ ಎಲ್ಲಿಗೆ ಹೋಗಿ ಬಂದ್ರಿ, ಅದನ್ನ ಹೇಳಿ ಸಾಕು” ಅಂದೆ.

ಮೇಡಂ ಗಡಿಯಾರ ನೋಡಿಕೊಂಡರು.

“ಬೇಡ ಬಿಡಿ. ನಾನೇ ಹೇಳ್ತೀನಿ. ನಮ್ಮನೆಗೆ ಬಂದಿದ್ರು. ಯಾಕಂದ್ರೆ ಇಲ್ಲಿ ಗುಂಡಿಯಿಲ್ಲ. ಗುಂಡಿ ಜಾಗದಲ್ಲಿ ನಾನು ಇರಬೇಕಿತ್ತು.”

ಯಾರೋ ಮೈಕು ಬಂದ್ ಮಾಡಿದರು. ಪರವಾಗಿಲ್ಲ. ಬೀದಿಯ ಈ ತುದಿಯಿಂದ ಆ ತುದಿಗೆ ಮಗಳನ್ನು ಕೂಗಿ ಕರೆಯುವ ಗಂಟಲು ನನ್ನದು. ಬಕೆಟನ್ನು ಮೇಜಿನ ಮೇಲೆ, ಫಲಕದ ಪಕ್ಕ ಇಟ್ಟೆ.

“ಬಕೆಟ್ ಹೊಸದಾಗೇ ಇದೆ, ನೋಡ್ಕೊಳ್ಳಿ. ಬಾಗಿಲು ನಿಮ್ಮದು. ಬಕೆಟ್ ನಿಮ್ಮದು. ಒಳಗೆ ಬೀಳೋದೂ ನಿಮ್ಮದೇ. ತಲೆ ಮಾತ್ರ ನಮ್ಮದು ಕೇಳಿದ್ರಿ. ಅದನ್ನ ಕೊಡಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬಳು ಚಪ್ಪಾಳೆ ತಟ್ಟಿ, ಪಕ್ಕದವಳು ತಿವಿದ ಮೇಲೆ ನಿಲ್ಲಿಸಿದಳು. ಮೇಡಂ ಕಾರು ಹತ್ತಿದರು. ಹತ್ತುವ ಮುಂಚೆ ನನ್ನ ಕಡೆ ತಿರುಗಿದ ಹಾಗಿತ್ತು. ನಾನು ಆ ಕಡೆ ನೋಡಲಿಲ್ಲ. ನನಗೆ ಕೆಲಸವಿತ್ತು.

ಗಾರೆಯಣ್ಣ ಬಿಟ್ಟುಹೋದ ಇಟ್ಟಿಗೆ ಹಿಂಬದಿಯಲ್ಲೇ ರಾಶಿ ಬಿದ್ದಿದ್ದವು. ತಗಡು ಕಿತ್ತು ಎಸೆದೆ. ಮಗಳು ಮಣ್ಣು ತುಳಿದು ಹದ ಮಾಡಿದಳು. ಎರಡನೇ ಸಾಲು ಇಡುವಾಗ ಅಧ್ಯಕ್ಷೆಯಮ್ಮ ಬಂದರು. ತಂಗಿ ಹೋಗಿ ‘ಏಯ್’ ವಾಪಸ್ಸು ಬಂದಿತ್ತು.

“ಏಯ್! ಯಾರನ್ನ ಕೇಳಿ ಮುಚ್ತಿದೀಯ?”

“ತೆಗೆಯೋವಾಗ ನನ್ನ ಕೇಳಿದ್ರಾ?”

“ನಾಳೆಯಿಂದ ಕೆಲಸಕ್ಕೆ ಕಾಲಿಡಬೇಡ.”

“ಪೊರಕೆ ಮೂಲೇಲಿದೆ. ಹಿಡಿ ಸ್ವಲ್ಪ ಸಡಿಲ, ಜೋಪಾನ.”

ಅವರು ಹೋದರು. ಹೊಲಿಗೆ ಕೋಣೆಯ ಕಿಟಕಿ ತೆರೆದಿತ್ತು. ಒಳಗೆ ಮೂರನೇ ಮಿಷಿನ್ ಹೊದ್ದುಕೊಂಡೇ ಇತ್ತು.

“ಮಿಷಿನ್ ಹೋಯ್ತು, ಪುಟ್ಟಿ” ಅಂದೆ.

“ಗೊತ್ತು” ಅಂದಳು. ಮೂಗು ಒರೆಸಿಕೊಂಡು ಮುಂದಿನ ಇಟ್ಟಿಗೆ ಕೊಟ್ಟಳು. ಕೈಗೆ ಕೊಟ್ಟಳು.

ಕೊನೆಯ ಇಟ್ಟಿಗೆ ಇಡುವಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಬಂದಳು. ಯಾರು ಹೇಳಿದರೋ. ಕೋಲು ಬದಿಗಿಟ್ಟು, ಗೋಡೆ ಹಿಡಿದು ಕುಕ್ಕರಗಾಲಲ್ಲಿ ಕೂತು, ಹಸಿ ಮಣ್ಣಿನ ಮೇಲೆ ಅಂಗೈ ಆಡಿಸಿದಳು. ಒಂದೊಂದೇ ಇಟ್ಟಿಗೆ. ಎಡಗಡೆಯ ಮೇಲಿನದಕ್ಕೆ ಬಂದು ಕೈ ನಿಂತಿತು.

“ಇದೊಂದು ಸೊಟ್ಟ ಇದೆ ಕಣೆ.”

“ಕಿತ್ತು ನೆಟ್ಟಗೆ ಇಡ್ಲಾ ಅತ್ತೆ?”

ಅತ್ತೆ ಇನ್ನೊಮ್ಮೆ ಮುಟ್ಟಿ ನೋಡಿದಳು. ಬೆರಳು ತೂರಿಸಿ ನೋಡಿದಳು. ಬೆರಳು ಹೋಗಲಿಲ್ಲ.

“ಬೇಡ, ಇರಲಿ ಬಿಡು” ಅಂದಳು. “ಗೋಡೆ ಸೊಟ್ಟ ಇದ್ರೆ ಇರಲಿ. ಬಾಗಿಲಲ್ಲವಲ್ಲ.”